ಶಬ್ದದ ವೇಗವೂ ಅದನ್ನು ಮೀರಿದ ಕಥೆಯೂ

ಕೆರೆಯ ಆಚೆಯ ದಡದಲ್ಲಿ ಮಡಿವಾಳರು ಬಟ್ಟೆಯನ್ನೆತ್ತಿ ಕಲ್ಲಿನ ಮೇಲೆ ಬಡಿಯುವುದನ್ನು ಈಚೆಯ ದಡದಲ್ಲಿ ನಿಂತು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಗೋಚರವಾಗುತ್ತದೆ. ಬಟ್ಟೆ ಕಲ್ಲಿಗೆ ಬಿದ್ದುದು ಮೊದಲು ಕಣ್ಣಿಗೆ ಕಾಣುತ್ತದೆ; ಅದರ ಸದ್ದು ಕಿವಿಗೆ ಮುಟ್ಟುವ ವೇಳೆಗೆ ಬಟ್ಟೆಯು ಮರಳಿ ತಲೆಯ ಮೇಲಕ್ಕೆ ಎದ್ದಿರುತ್ತದೆ. ಮುಂಗಾರಿನ ಸಂಜೆ ಮೊದಲು ಮಿಂಚಿ ಬಳಿಕ ಗುಡುಗುವುದೂ ಇದೇ ಕಾರಣದಿಂದ. ಬೆಳಕು ಬರುವುದಕ್ಕೆ ಹೊತ್ತೇ ಹಿಡಿಯುವುದಿಲ್ಲವೆಂದು ಲೋಕವ್ಯವಹಾರದಲ್ಲಿ ಎಣಿಸಬಹುದು. ಶಬ್ದಕ್ಕೆ ಮಾತ್ರ ದಾರಿ ನಡೆಯಲು ಹೊತ್ತು ಬೇಕು.

ಆ ಹೊತ್ತು ಎಷ್ಟೆಂಬುದನ್ನು ಈ ಜಿಲ್ಲೆಯ ಮೂರು ಊರುಗಳ ಮೇಲೆಯೇ ಲೆಕ್ಕವಿಟ್ಟು ನೋಡಬಹುದು. ಮಂಡ್ಯ, ಮದ್ದೂರು, ಮಳವಳ್ಳಿ ಇವು ಒಂದು ತ್ರಿಕೋಣದ ಮೂರು ಮೂಲೆಗಳಂತೆ ಇವೆ; ರಸ್ತೆಯ ಸುತ್ತು ಬಿಟ್ಟು ನೇರವಾಗಿ ಅಳೆದರೆ ಒಂದರಿಂದ ಮತ್ತೊಂದಕ್ಕೆ ಸುಮಾರು ೧೭ರಿಂದ ೨೨ ಕಿಲೋಮೀಟರು ದೂರ. ಮಂಡ್ಯದಲ್ಲಿ ಒಂದು ದೊಡ್ಡ ತೋಪು ಹಾರಿತೆಂದೂ ಅದರ ಸದ್ದು ಎಲ್ಲಿಯೂ ಕುಂದದೆ ಹರಿಯಿತೆಂದೂ ಭಾವಿಸಿದರೆ, ಅದು ಮದ್ದೂರನ್ನು ಮುಟ್ಟಲು ಸುಮಾರು ೫೦ ಸೆಕೆಂಡೂ, ಮಳವಳ್ಳಿಯನ್ನು ಮುಟ್ಟಲು ಒಂದು ನಿಮಿಷಕ್ಕೆ ತುಸು ಹೆಚ್ಚೂ ಬೇಕಾಗುವುದು. ಬೆಂಗಳೂರಿನಿಂದ ಹೊರಟ ಸದ್ದಾದರೆ ಮದ್ದೂರಿಗೆ ಮೂರೂವರೆ ನಿಮಿಷವೂ ಮಂಡ್ಯಕ್ಕೆ ನಾಲ್ಕು ನಿಮಿಷಕ್ಕೆ ಮೀರಿಯೂ ಆಗುವುದು. ಈ ಅಲ್ಪವಾದ ವಿಳಂಬವನ್ನು ಅಳೆಯುವುದಕ್ಕೆ ಮನುಷ್ಯನಿಗೆ ಶತಮಾನಗಳು ಹಿಡಿದವು. ಅದನ್ನು ಮೀರಿ ಹಾರುವುದಕ್ಕೆ ಪ್ರಾಣಗಳನ್ನೇ ತೆರಬೇಕಾಯಿತು. ಆ ಚರಿತ್ರೆಯ ಕೆಲವು ಎಳೆಗಳು ಕಾವೇರಿಯ ಸೀಮೆಯನ್ನು ತಾಗಿಕೊಂಡೇ ಹೋಗಿವೆ.

ಪ್ರಾಚೀನರ ವಿಚಾರ

ಶಬ್ದವೆಂದರೇನು, ಅದು ಕಿವಿಯನ್ನು ಹೇಗೆ ಸೇರುತ್ತದೆ ಎಂಬ ಪ್ರಶ್ನೆಯನ್ನು ಭಾರತದ ಶಾಸ್ತ್ರಕಾರರು ಬಹು ಹಿಂದೆಯೇ ಎತ್ತಿದ್ದರು. ನ್ಯಾಯವೈಶೇಷಿಕರ ಮತದಲ್ಲಿ ಶಬ್ದವು ಆಕಾಶದ ಗುಣ. ಭೇರಿಗೂ ಕೋಲಿಗೂ ಸಂಯೋಗವಾದಾಗ ಮೊದಲನೆಯ ಶಬ್ದ ಹುಟ್ಟುತ್ತದೆ; ಅದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಹುಟ್ಟಿಸುತ್ತ, ಕಡೆಯದು ಕಿವಿಯಲ್ಲಿ ಗ್ರಹಣವಾಗುತ್ತದೆ. ಇದಕ್ಕೆ ಅವರು ಎರಡು ದೃಷ್ಟಾಂತಗಳನ್ನು ಕೊಡುತ್ತಾರೆ. ಒಂದು ವೀಚೀತರಂಗನ್ಯಾಯ: ಕೊಳದಲ್ಲಿ ಒಂದಲೆಯಿಂದ ಮತ್ತೊಂದಲೆ ಏಳುವಂತೆ. ಇನ್ನೊಂದು ಕದಂಬಮುಕುಲನ್ಯಾಯ: ಕದಂಬದ ಮೊಗ್ಗು ಸುತ್ತಲೂ ಒಮ್ಮೆಲೇ ಬಿರಿಯುವಂತೆ ಎಲ್ಲ ದಿಕ್ಕಿಗೂ ಹರಡುವುದು. ಮೀಮಾಂಸಕರಾದರೋ ಶಬ್ದವು ನಿತ್ಯವೆಂದೂ, ಅದನ್ನು ಪ್ರಕಟಪಡಿಸುವುದು ವಾಯುವೆಂದೂ ಹೇಳಿದರು. ನೂಕಲ್ಪಟ್ಟ ವಾಯುವು ಮುಂದೆ ಸ್ತಬ್ಧವಾಗಿರುವ ವಾಯುವನ್ನು ತಾಕಿ, ಎಲ್ಲ ದಿಕ್ಕುಗಳಲ್ಲಿಯೂ ಸಂಯೋಗವಿಭಾಗಗಳನ್ನು ಉಂಟುಮಾಡುತ್ತ, ತನ್ನ ವೇಗವಿರುವವರೆಗೆ ಸಾಗುತ್ತದೆಂಬ ಅಭಿಪ್ರಾಯವು ಶಬರಸ್ವಾಮಿಯ ಭಾಷ್ಯದಲ್ಲಿ ಕಂಡುಬರುತ್ತದೆ. ಗಾಳಿಯ ಪದರಗಳು ಒತ್ತೊತ್ತಾಗಿಯೂ ವಿರಳವಾಗಿಯೂ ಆಗುತ್ತ ಸದ್ದು ಮುಂದೆ ಹರಿಯುತ್ತದೆಂಬ ಈಗಿನ ವಿಜ್ಞಾನದ ಮಾತಿಗೆ ಇದು ಎಷ್ಟು ಸಮೀಪವೆಂಬುದನ್ನು ವಾಚಕರು ಗಮನಿಸಬಹುದು.

ಆದರೆ ಸಮೀಪವೆಂದ ಮಾತ್ರಕ್ಕೆ ಎರಡೂ ಒಂದೇ ಎಂದು ಹಿಗ್ಗುವುದು ನ್ಯಾಯವಲ್ಲ. ಶಬ್ದವು ನಿತ್ಯವೋ ಅನಿತ್ಯವೋ, ವೇದದ ಪ್ರಾಮಾಣ್ಯವು ಅದರಿಂದ ನಿಲ್ಲುವುದೋ ಇಲ್ಲವೋ ಎಂಬುದು ಆ ಪಂಡಿತರ ವಿವಾದವಾಗಿತ್ತು. ಒಂದು ಗಳಿಗೆಯಲ್ಲಿ ಶಬ್ದವು ಎಷ್ಟು ದೂರ ಹೋಗುವುದೆಂಬ ಪ್ರಶ್ನೆಯು ಆ ವಿವಾದಕ್ಕೆ ಬೇಕಾಗಿರಲಿಲ್ಲ. ಅವರಲ್ಲಿ ಪ್ರಮಾಣದ ಚರ್ಚೆ ಸೂಕ್ಷ್ಮವಾಗಿತ್ತು. ಶಬ್ದವೇಗದ ಪರಿಮಾಣಕ್ಕೆ ಅವರು ಕೈಹಾಕಲಿಲ್ಲ. ಪುರಾಣಗಳಲ್ಲಿ ರಥಗಳಿಗೆ ವಾಯುವೇಗವುಂಟು, ಮನೋವೇಗವುಂಟು. ಶಬ್ದವೇಗವೆಂಬ ಮಾತು ಬಳಕೆಯಲ್ಲಿ ಇದ್ದಂತಿಲ್ಲ.

ತೋಪೂ ಗಡಿಯಾರವೂ

ಪರಿಮಾಣದ ಕೆಲಸ ನಡೆದುದು ಹದಿನೇಳನೆಯ ಶತಮಾನದ ಯೂರೋಪಿನಲ್ಲಿ. ಅದಕ್ಕೆ ಬೇಕಾದ ಸಾಧನಗಳು ಎರಡೇ: ದೂರದಿಂದ ಕಾಣುವ ಬೆಂಕಿಯನ್ನೂ ದೂರಕ್ಕೆ ಕೇಳುವ ಸದ್ದನ್ನೂ ಒಟ್ಟಿಗೆ ಹುಟ್ಟಿಸುವ ತೋಪು, ಮತ್ತು ಸೆಕೆಂಡುಗಳನ್ನು ಎಣಿಸುವ ಲೋಲಕ ಅಥವಾ ಗಡಿಯಾರ. ಫ್ರಾನ್ಸಿನ ಮರ್ಸೆನ್, ಗಸೆಂಡಿ ಎಂಬವರು ಈ ಕ್ರಮದಲ್ಲಿ ಮೊದಲ ಅಳತೆಗಳನ್ನು ಮಾಡಿದರು. ಅವರಿಗೆ ಬಂದ ಅಂಕಿಗಳು ನಿಜಕ್ಕಿಂತ ಬಹಳ ಹೆಚ್ಚಾಗಿದ್ದವು. ಆದರೂ ತೋಪಿನ ದಪ್ಪ ಸದ್ದೂ ಬಂದೂಕಿನ ತೆಳು ಸದ್ದೂ ಒಂದೇ ವೇಗದಲ್ಲಿ ಬರುತ್ತವೆಂಬ ಮುಖ್ಯವಾದ ಸಂಗತಿ ಗಸೆಂಡಿಗೆ ಗೊತ್ತಾಯಿತು. ಹಾಗಿಲ್ಲದಿದ್ದರೆ ಮೇಳದಲ್ಲಿ ನಾಗಸ್ವರವೊಂದು ಕಾಲಕ್ಕೆ, ಡೋಲು ಇನ್ನೊಂದು ಕಾಲಕ್ಕೆ ಕೇಳಿ, ದೂರದಲ್ಲಿ ನಿಂತವನಿಗೆ ತಾಳವೇ ತಪ್ಪಿಹೋಗುತ್ತಿತ್ತು. ಬಳಿಕ ಇಂಗ್ಲೆಂಡಿನ ಪಾದ್ರಿ ಡೆರ್ಹಾಮ್ ಎಂಬಾತನು ಚರ್ಚಿನ ಗೋಪುರವನ್ನೇರಿ, ದೂರದಲ್ಲಿ ಹಾರಿಸಿದ ತೋಪುಗಳನ್ನು ನೋಡಿ ಕೇಳಿ, ಸೆಕೆಂಡಿಗೆ ೧,೧೪೨ ಅಡಿ, ಎಂದರೆ ಸುಮಾರು ೩೪೮ ಮೀಟರು ಎಂದು ಲೆಕ್ಕಹಾಕಿದನು.

ಇಷ್ಟರಲ್ಲಿ ನ್ಯೂಟನ್ ಮಹಾಶಯನು ೧೬೮೭ರಲ್ಲಿ ಪ್ರಕಟವಾದ ತನ್ನ ಮಹಾಗ್ರಂಥದಲ್ಲಿ, ಗಾಳಿಯ ಒತ್ತಡ ಮತ್ತು ಸಾಂದ್ರತೆಗಳಿಂದಲೇ ಶಬ್ದದ ವೇಗವನ್ನು ಗಣಿತದಿಂದ ಸಾಧಿಸಲು ಯತ್ನಿಸಿದ್ದನು. ಅವನಿಗೆ ಬಂದುದು ೯೭೯ ಅಡಿ. ಅಳತೆಗಿಂತ ಸುಮಾರು ಏಳನೆಯ ಒಂದು ಪಾಲು ಕಡಮೆ. ಅಂಥ ಮೇಧಾವಿಯ ಲೆಕ್ಕವೂ ತೋಪಿನ ಸಾಕ್ಷ್ಯವೂ ಕೂಡದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಾಗೆಯೇ ಉಳಿದುವು. ೧೮೧೬ರಲ್ಲಿ ಫ್ರಾನ್ಸಿನ ಲಾಪ್ಲಾಸನು ಇದರ ಗುಟ್ಟನ್ನು ಬಿಡಿಸಿದನು. ಸೈಕಲ್ಲಿಗೆ ಗಾಳಿ ತುಂಬುವ ಪಂಪು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಹಾಗೆಯೇ ಸದ್ದಿನ ಅಲೆಯಲ್ಲಿ ಒತ್ತಿಕೊಂಡ ಗಾಳಿಯು ಕ್ಷಣಮಾತ್ರ ಬಿಸಿಯಾಗುತ್ತದೆ. ಆ ಬಿಸಿ ಚೆದರಿಹೋಗುವಷ್ಟು ಹೊತ್ತು ಅಲೆಯಲ್ಲಿರುವುದಿಲ್ಲ. ಬಿಸಿಯಾದ ಗಾಳಿ ಹೆಚ್ಚು ಬಿರುಸಾಗಿ ಹಿಂದಕ್ಕೆ ಒತ್ತುವುದರಿಂದ ಅಲೆಯು ವೇಗವಾಗಿ ಮುಂದಕ್ಕೆ ಹೋಗುತ್ತದೆ. ಈ ತಿದ್ದುಪಾಟಿನಿಂದ ಗಣಿತವೂ ಅಳತೆಯೂ ಒಂದಾದುವು.

ಈ ಕೆಲಸದ ಒಂದು ಮುಖ್ಯವಾದ ಭಾಗವು ಮದರಾಸಿನಲ್ಲಿ ನಡೆದುದು ಇಲ್ಲಿಯವರಿಗೆ ವಿಶೇಷವಾಗಿ ಸ್ಮರಣೀಯ. ೧೭೯೯ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ಕಡೆ ಇದ್ದ ಲ್ಯಾಂಬ್ಟನ್ ಎಂಬ ಅಧಿಕಾರಿಯು, ಯುದ್ಧ ಮುಗಿದ ಬಳಿಕ ಮೈಸೂರು ಸೀಮೆಯಲ್ಲಿ ತ್ರಿಕೋಣಗಳ ಮೂಲಕ ಭೂಮಿಯನ್ನು ಅಳೆಯುವ ಕೆಲಸಕ್ಕೆ ತೊಡಗಿದನು. ೧೮೦೨ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ ಒಂದು ಆಧಾರರೇಖೆಯನ್ನು ಅಳೆದನು. ಅದೇ ಬೆಟ್ಟದಲ್ಲಿಯೂ ಸೇಂಟ್ ಜಾರ್ಜ್ ಕೋಟೆಯಲ್ಲಿಯೂ ಹಾರಿದ ತೋಪುಗಳನ್ನು ಮದರಾಸು ಖಗೋಳ ವೀಕ್ಷಣಾಲಯದ ಗೋಲ್ಡಿಂಗ್‌ಹ್ಯಾಮ್ ಎಂಬ ವಿದ್ವಾಂಸನು ೧೮೨೦-೨೧ರಲ್ಲಿ ಹಲವು ತಿಂಗಳ ಕಾಲ ಎಣಿಸಿದನು. ಕೋಟೆಯು ವೀಕ್ಷಣಾಲಯದಿಂದ ಸುಮಾರು ನಾಲ್ಕು ಕಿಲೋಮೀಟರು, ಬೆಟ್ಟವು ಸುಮಾರು ಒಂಬತ್ತು ಕಿಲೋಮೀಟರು. ಬೆಂಕಿ ಕಂಡ ಮೇಲೆ ಒಂದರ ಸದ್ದಿಗೆ ಹನ್ನೆರಡು ಸೆಕೆಂಡು, ಮತ್ತೊಂದರ ಸದ್ದಿಗೆ ಇಪ್ಪತ್ತಾರು ಸೆಕೆಂಡು ಕಾಯಬೇಕು. ಪ್ರತಿಸಾರಿಯೂ ಅವನು ಗಾಳಿಯ ದಿಕ್ಕನ್ನೂ ಉಷ್ಣವನ್ನೂ ತೇವವನ್ನೂ ಗುರುತುಹಾಕಿದನು. ೧೮೨೩ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಅವನ ಲೇಖನದಿಂದ, ತಂಪಿನ ತಿಂಗಳುಗಳಲ್ಲಿ ಶಬ್ದವು ನಿಧಾನವಾಗಿಯೂ ಬೇಗೆಯ ತಿಂಗಳುಗಳಲ್ಲಿ ವೇಗವಾಗಿಯೂ ನಡೆಯುತ್ತದೆಂಬುದು ಉಷ್ಣದೇಶದ ದೀರ್ಘವಾದ ಅನುಭವದಿಂದಲೇ ಸಿದ್ಧವಾಯಿತು.

ಈಗ ಗೊತ್ತಾಗಿರುವ ಲೆಕ್ಕ ಇಷ್ಟು. ನೀರು ಹೆಪ್ಪುಗಟ್ಟುವ ಉಷ್ಣದಲ್ಲಿ ಶಬ್ದದ ವೇಗ ಸೆಕೆಂಡಿಗೆ ೩೩೧ ಮೀಟರು. ಒಂದೊಂದು ಡಿಗ್ರಿ ಸೆಲ್ಸಿಯಸ್ ಏರಿದಂತೆ ಸುಮಾರು ೦.೬ ಮೀಟರು ಹೆಚ್ಚುತ್ತದೆ. ಮಾಘಮಾಸದ ಮುಂಜಾವದಲ್ಲಿ ೧೫ ಡಿಗ್ರಿಯಿರುವಾಗ ೩೪೦ ಮೀಟರಿದ್ದುದು, ಚೈತ್ರದ ನಡುಹಗಲಿನಲ್ಲಿ ೩೫ ಡಿಗ್ರಿಗೆ ಏರಿದಾಗ ೩೫೨ ಮೀಟರಾಗುತ್ತದೆ. ಎತ್ತರಕ್ಕೆ ಹೋದಂತೆ ಶಬ್ದವು ನಿಧಾನವಾಗುವುದೂ ಗಾಳಿ ತೆಳುವಾದುದರಿಂದಲ್ಲ, ತಣ್ಣಗಾದುದರಿಂದ. ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಚಳಿ ಸೊನ್ನೆಗಿಂತ ೫೬ ಡಿಗ್ರಿ ಕೆಳಗೆ. ಅಲ್ಲಿ ಶಬ್ದದ ವೇಗ ೨೯೫ ಮೀಟರು ಮಾತ್ರ. ಗಂಟೆಯ ಲೆಕ್ಕದಲ್ಲಿ ನೆಲದ ಹತ್ತಿರ ಸುಮಾರು ೧,೨೩೫ ಕಿಲೋಮೀಟರು, ಅಷ್ಟು ಎತ್ತರದಲ್ಲಿ ೧,೦೬೨.

ವಾರ್ತೆಗಿಂತ ಮುಂದೆ ಬಂದ ಗುಂಡು

ಶಬ್ದವನ್ನು ಅಳೆಯಲು ತೋಪು ಬೇಕಾದಂತೆ, ಶಬ್ದವನ್ನು ಮೀರಿದ ಮೊದಲ ಅಳತೆಗೂ ಬಂದೂಕೇ ಕಾರಣವಾಯಿತು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞನು ಭಾರವಾದ ಮರದ ದಿಮ್ಮಿಯನ್ನು ಉಯ್ಯಾಲೆಯಂತೆ ತೂಗಹಾಕಿ, ಅದಕ್ಕೆ ಗುಂಡು ಹೊಡೆದು, ದಿಮ್ಮಿ ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದ ಗುಂಡಿನ ವೇಗವನ್ನು ಕಂಡುಹಿಡಿದನು. ಸೆಕೆಂಡಿಗೆ ೧,೭೦೦ ಅಡಿಯಷ್ಟು ವೇಗವು ಅವನ ಲೆಕ್ಕದಲ್ಲಿ ಬಂದಿತು. ಇದು ಶಬ್ದದ ಒಂದೂವರೆ ಪಾಲು. ಗುಂಡಿನ ವೇಗವು ಶಬ್ದದ ವೇಗವನ್ನು ಸಮೀಪಿಸಿದ ಕೂಡಲೆ ಗಾಳಿಯ ತಡೆಯು ಇದ್ದಕ್ಕಿದ್ದಂತೆ ಬಹುವಾಗಿ ಹೆಚ್ಚುತ್ತದೆಂಬುದನ್ನೂ ಅವನೇ ಮೊದಲು ಗುರುತಿಸಿದನು. ಅವನ ಗ್ರಂಥ ಪ್ರಕಟವಾದುದು ೧೭೪೨ರಲ್ಲಿ. ಆತನು ಕಡೆಗೆ ಈಸ್ಟ್ ಇಂಡಿಯಾ ಕಂಪೆನಿಯ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕಾಗಿ ಭಾರತಕ್ಕೆ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಶ್ರೀರಂಗಪಟ್ಟಣದಲ್ಲಿ ಹೈದರನೂ ಟಿಪ್ಪುವೂ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಸಿದ್ಧಪಡಿಸಿ ಕಂಪೆನಿಯ ದಂಡನ್ನು ಕಂಗೆಡಿಸಿದುದು ಅದಕ್ಕೆ ಮೂರು ನಾಲ್ಕು ದಶಕಗಳ ಮೇಲೆ.

ರಾಬಿನ್ಸನು ಕಂಡ ಆ ತಡೆಗೆ ಕಾರಣವೇನು? ಇಲ್ಲಿಯೇ ಈ ವಿಷಯದ ತಿರುಳಿರುವುದು. ರಾಜರ ಮೆರವಣಿಗೆಯ ಮುಂದೆ ಬಹುಪರಾಕು ಹೇಳುವವರು ಓಡುತ್ತ ಜನರನ್ನು ಅತ್ತಿತ್ತ ಸರಿಸುತ್ತಾರೆ; ಆದುದರಿಂದ ಮಹಾರಾಜರ ಕುದುರೆ ಬರುವ ವೇಳೆಗೆ ಬೀದಿ ತೆರವಾಗಿರುತ್ತದೆ. ಗಾಳಿಯಲ್ಲಿ ಚಲಿಸುವ ಪ್ರತಿಯೊಂದು ವಸ್ತುವಿಗೂ ಇಂಥ ಪರಾಕಿನವರಿದ್ದಾರೆ. ವಸ್ತುವು ಮುಂದಿನ ಗಾಳಿಯನ್ನು ಒತ್ತಿದ ಸುದ್ದಿಯು ಶಬ್ದದ ವೇಗದಿಂದ ಮುಂದಕ್ಕೆ ಓಡಿ, ಗಾಳಿಯು ಮೊದಲೇ ದಾರಿ ಬಿಟ್ಟುಕೊಳ್ಳುತ್ತದೆ. ಶಬ್ದದ ವೇಗವೆಂದರೆ ಗಾಳಿಯಲ್ಲಿ ವಾರ್ತೆ ಹರಡುವ ವೇಗ. ಕುದುರೆಯು ಪರಾಕಿನವರನ್ನೇ ಹಿಂದೆಹಾಕಿ ಮುಂದೆ ನುಗ್ಗಿದರೆ ಆಗುವ ಪಾಡೇ, ವಸ್ತುವು ಶಬ್ದವನ್ನು ಮೀರಿದಾಗ ಗಾಳಿಗೆ ಆಗುವುದು. ಸರಿಯಲು ಹೊತ್ತಿಲ್ಲದ ಗಾಳಿಯು ಒಂದರ ಮೇಲೊಂದು ಬಿದ್ದು, ಕೂದಲೆಳೆಗಿಂತಲೂ ತೆಳುವಾದ ಒಂದು ಹಾಳೆಯಾಗಿ ಒತ್ತಿಕೊಳ್ಳುತ್ತದೆ. ಇದೇ ಆಘಾತತರಂಗ. ಅದು ಗುಂಡಿನ ಮೂತಿಯಿಂದ ಹಿಂದಕ್ಕೆ ಶಂಕುವಿನಂತೆ ಬಿಚ್ಚಿಕೊಂಡಿರುತ್ತದೆ. ಕೆರೆಯಲ್ಲಿ ಬಾತುಕೋಳಿ ಈಜುವಾಗ ಅದರ ಹಿಂದೆ ಎರಡು ಗೆರೆಗಳು ಕವಲೊಡೆದು ಹೋಗುವಂತೆ. ವೇಗ ಹೆಚ್ಚಿದಷ್ಟೂ ಶಂಕುವು ಚೂಪಾಗುತ್ತದೆ.

ಕಣ್ಣಿಗೆ ಕಾಣದ ಈ ಹಾಳೆಯ ಛಾಯಾಚಿತ್ರವನ್ನು ೧೮೮೬-೮೭ರಲ್ಲಿ ಆಸ್ಟ್ರಿಯದ ಎರ್ನ್ಸ್ಟ್ ಮಾಕ್ ಮತ್ತು ಸಾಲ್ಖರ್ ಎಂಬ ವಿಜ್ಞಾನಿಗಳು ಹಾರುವ ಗುಂಡಿನ ಸುತ್ತ ಹಿಡಿದು ತೋರಿಸಿದರು. ಅವನ ಗೌರವಾರ್ಥವಾಗಿ ೧೯೨೯ರಲ್ಲಿ ಸ್ವಿಟ್ಜರ್ಲೆಂಡಿನ ಆಕರೆಟ್ ಎಂಬಾತನು ಮಾಕ್ ಸಂಖ್ಯೆಯೆಂಬ ಹೆಸರನ್ನು ರೂಢಿಗೆ ತಂದನು. ವಸ್ತುವಿನ ವೇಗವನ್ನು ಅಲ್ಲಿಯ ಗಾಳಿಯಲ್ಲಿನ ಶಬ್ದವೇಗದಿಂದ ಭಾಗಿಸಿದರೆ ಬರುವುದೇ ಈ ಸಂಖ್ಯೆ. ಒಂದಾದರೆ ಶಬ್ದಕ್ಕೆ ಸಮ. ಎರಡಾದರೆ ಅದರ ಇಮ್ಮಡಿ.

ಶಬ್ದವನ್ನು ಮೀರುವುದಕ್ಕೆ ಬಂದೂಕೇ ಬೇಕೆಂದಿಲ್ಲ. ಮಾರಮ್ಮನ ಪೆಟ್ಟಿಗೆಯನ್ನು ಹೊತ್ತು ಊರೂರು ತಿರುಗುವವರು ಚಾಟಿಯನ್ನು ಬೀಸಿದಾಗ ಛಟೀರೆಂದು ಹೊರಡುವ ಸದ್ದು ಚರ್ಮವು ಮೈಗೆ ತಾಗಿದ ಸದ್ದಲ್ಲ. ಬರಿಯ ಗಾಳಿಯಲ್ಲಿ ಬೀಸಿದರೂ ಅದು ಹೊರಡುತ್ತದೆ. ಹಿಡಿಯ ಕಡೆ ದಪ್ಪವಾಗಿ ತುದಿಯ ಕಡೆ ಸಣ್ಣಗಾಗುವ ಹುರಿಯಲ್ಲಿ ಬಳುಕು ಓಡಿದಂತೆ ಅದರ ವೇಗ ಏರುತ್ತ ಹೋಗಿ, ಕಡೆಗೆ ಶಬ್ದವನ್ನು ಮೀರುತ್ತದೆ. ೧೯೨೭ರಲ್ಲಿ ಫ್ರಾನ್ಸಿನಲ್ಲಿ ಇದರ ಆಘಾತತರಂಗವನ್ನು ಛಾಯಾಚಿತ್ರದಲ್ಲಿ ಹಿಡಿದರು. ಮನುಷ್ಯನು ಮಾಡಿದ ವಸ್ತುಗಳಲ್ಲಿ ಶಬ್ದವನ್ನು ಮೊದಲು ಮೀರಿದುದು ಪ್ರಾಯಶಃ ಚಾಟಿಯೇ ಇರಬೇಕು.

ಗೋಡೆಯೆಂಬ ಮಾತು

ಎರಡನೆಯ ಮಹಾಯುದ್ಧದ ವೇಳೆಗೆ ವಿಮಾನಗಳ ವೇಗವು ಶಬ್ದದ ವೇಗವನ್ನು ಸಮೀಪಿಸಿತು. ಕಡಿದಾಗಿ ಕೆಳಕ್ಕೆ ಧುಮುಕುವಾಗ ವಿಮಾನಗಳು ನಡುಗತೊಡಗಿದುವು. ಚುಕ್ಕಾಣಿಗಳು ಕೈಗೆ ಬಗ್ಗದೆ ಹೋದುವು. ಚಾಲಕರು ಪ್ರಾಣ ಕಳೆದುಕೊಂಡರು. ವಿಮಾನವು ಶಬ್ದಕ್ಕಿಂತ ನಿಧಾನವಾಗಿದ್ದರೂ ರೆಕ್ಕೆಯ ಉಬ್ಬಿನ ಮೇಲೆ ಹರಿಯುವ ಗಾಳಿಯು ಕೆಲವೆಡೆ ಶಬ್ದವನ್ನು ಮೀರಿ ಆಘಾತತರಂಗವನ್ನು ಹುಟ್ಟಿಸುವುದೇ ಇದಕ್ಕೆ ಕಾರಣ. ಇಲ್ಲಿ ಒಂದು ಗೋಡೆಯೇ ಇದೆಯೆಂಬ ಮಾತು ಹುಟ್ಟಿತು. ೧೯೪೭ರ ಅಕ್ಟೋಬರ್ ೧೪ರಂದು ಅಮೆರಿಕದ ಯೇಗರ್ ಎಂಬ ಚಾಲಕನು, ಗುಂಡಿನ ಆಕಾರಕ್ಕೆ ಕಟ್ಟಿದ ರಾಕೆಟ್ ವಿಮಾನದಲ್ಲಿ ಸುಮಾರು ಹದಿಮೂರು ಕಿಲೋಮೀಟರು ಎತ್ತರದಲ್ಲಿ ಮಾಕ್ ೧.೦೬ರ ವೇಗವನ್ನು ಮುಟ್ಟಿ ಸುಖವಾಗಿ ಇಳಿದನು. ಗುಂಡುಗಳು ಇನ್ನೂರು ವರ್ಷಗಳಿಂದ ದಾಟುತ್ತಿದ್ದ ಎಡೆಯಲ್ಲಿ ಗೋಡೆಯೇನೂ ಇರಲಿಲ್ಲ. ತಕ್ಕ ಆಕಾರವೂ ಸಾಕಷ್ಟು ಬಲವುಳ್ಳ ಯಂತ್ರವೂ ಬೇಕಾಗಿದ್ದುವು, ಅಷ್ಟೆ. ಆದರೆ ಆ ಎರಡನ್ನೂ ಒಟ್ಟಿಗೆ ಹೊಂದುವುದು ಎಷ್ಟು ದುಸ್ತರವೆಂಬುದನ್ನು ಬೆಂಗಳೂರಿನ ಅನುಭವ ತೋರಿಸಿತು.

ಮರುತ್

ಬೆಂಗಳೂರಿನಲ್ಲಿ ೧೯೪೦ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರ ಸಾಹಸದಿಂದಲೂ ಮೈಸೂರು ಸರ್ಕಾರದ ನೆರವಿನಿಂದಲೂ ವಿಮಾನ ಕಾರ್ಖಾನೆ ಸ್ಥಾಪಿತವಾಯಿತು. ಆ ಕಾಲದಲ್ಲಿ ಬೆಂಗಳೂರಿಗೆ ವಿದ್ಯುತ್ತು ಬರುತ್ತಿದ್ದುದು ಮಳವಳ್ಳಿ ತಾಲ್ಲೂಕಿನಿಂದ. ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸತೊಡಗಿದ ಶಿವನಸಮುದ್ರವು ೧೯೦೫ರಿಂದ ಬೆಂಗಳೂರಿಗೂ ಬೆಳಕು ಕೊಟ್ಟಿತು. ೧೯೪೦ರಲ್ಲಿ ಶಿಂಷಾ ವಿದ್ಯುದಾಗಾರವೂ ಅದರ ಜೊತೆಗೂಡಿತು. ಕಾವೇರಿಯೂ ಶಿಂಷೆಯೂ ಧುಮುಕಿದ ಬಲವೇ ಬೆಂಗಳೂರಿನ ಹೊಸ ಕೈಗಾರಿಕೆಗಳ ಚಕ್ರಗಳನ್ನು ತಿರುಗಿಸಿತು. ೧೯೪೨ರಲ್ಲಿ ಟಾಟಾ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. ೧೯೫೧ರಲ್ಲಿ ಅಲ್ಲಿಗೆ ಬಂದ ಸತೀಶ ಧವನರು, ಶಬ್ದಕ್ಕಿಂತ ವೇಗವಾಗಿ ಗಾಳಿಯನ್ನು ಹರಿಯಿಸಿ ಮಾದರಿಗಳನ್ನು ಪರೀಕ್ಷಿಸುವ ಸುರಂಗವನ್ನು ಭಾರತದಲ್ಲಿ ಮೊದಲ ಬಾರಿಗೆ ಕಟ್ಟಿಸಿದರು.

೧೯೫೬ರಲ್ಲಿ ಜರ್ಮನಿಯ ಪ್ರಖ್ಯಾತ ವಿಮಾನಶಿಲ್ಪಿ ಕುರ್ಟ್ ಟಾಂಕರು ಬೆಂಗಳೂರಿಗೆ ಬಂದು, ಶಬ್ದದ ವೇಗವನ್ನು ಮೀರತಕ್ಕ ಯುದ್ಧವಿಮಾನವೊಂದರ ನಿರ್ಮಾಣಕ್ಕೆ ಕೈಹಚ್ಚಿದರು. ೧೯೫೯ರಲ್ಲಿ ಅದೇ ಅಳತೆಯ, ಯಂತ್ರವಿಲ್ಲದ ಮರದ ವಿಮಾನವನ್ನು ಗಾಳಿಯಲ್ಲಿ ತೇಲಿಸಿ ಪರೀಕ್ಷಿಸಿದರು. ೧೯೬೧ರ ಜೂನ್ ೧೭ರಂದು ಸುರಂಜನ ದಾಸರು ನಿಜವಾದ ವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಅದಕ್ಕೆ ಇಟ್ಟ ಹೆಸರು ಮರುತ್, ಗಾಳಿಯೆಂಬರ್ಥ.

ಆಕಾರವು ತಕ್ಕುದಾಗಿತ್ತು, ಯಂತ್ರ ದೊರೆಯಲಿಲ್ಲ. ಟಾಂಕರು ಲೆಕ್ಕಹಾಕಿದ್ದ ಬಲಿಷ್ಠವಾದ ಆರ್ಫಿಯಸ್ ಯಂತ್ರದ ಕೆಲಸವನ್ನು ಬ್ರಿಟನ್ನಿನಲ್ಲಿ ಕೈಬಿಟ್ಟರು. ಅದನ್ನು ಮುಂದುವರಿಸುವ ವೆಚ್ಚವನ್ನು ಭಾರತವು ವಹಿಸಲಿಲ್ಲ. ಆದುದರಿಂದ ಅದೇ ಬಗೆಯ, ಒಂದೊಂದಕ್ಕೆ ಸುಮಾರು ೨,೨೦೦ ಕಿಲೋಗ್ರಾಮು ನೂಕುಬಲದ ಎರಡು ಸಣ್ಣ ಯಂತ್ರಗಳಿಂದಲೇ ತೃಪ್ತಿಪಡಬೇಕಾಯಿತು. ಈಜಿಪ್ಟಿನಲ್ಲಿ ಸಿದ್ಧವಾಗುತ್ತಿದ್ದ ಒಂದು ಯಂತ್ರವನ್ನು ಇಟ್ಟು ನೋಡಿದರು. ಆ ಪ್ರಯತ್ನವೂ ನಡುವೆಯೇ ನಿಂತಿತು. ಹೀಗಾಗಿ ಮರುತ್ ವಿಮಾನವು ಸಮತಲವಾದ ಹಾರಾಟದಲ್ಲಿ ಶಬ್ದದ ವೇಗಕ್ಕೆ ಸ್ವಲ್ಪವೇ ಕಡಮೆಯಾಗಿ ಉಳಿದುಹೋಯಿತು. ಕಡೆಗೆ ಇದ್ದ ಯಂತ್ರದ ಹಿಂಬದಿಯಲ್ಲಿಯೇ ಮತ್ತ ಇಂಧನ ಸುಟ್ಟು ಬಲವನ್ನು ಹೆಚ್ಚಿಸುವ ಏರ್ಪಾಡನ್ನು ಬೆಂಗಳೂರಿನಲ್ಲಿಯೇ ಸಿದ್ಧಪಡಿಸಿದರು. ಆ ಏರ್ಪಾಡಿನ ವಿಮಾನವನ್ನು ಪರೀಕ್ಷಿಸುವಾಗ ೧೯೭೦ರ ಜನವರಿ ೧೦ರಂದು ಅದು ಬಿದ್ದು, ಮೊದಲ ಮರುತ್ತನ್ನು ಹಾರಿಸಿದ್ದ ಸುರಂಜನ ದಾಸರೇ ಮಡಿದರು. ಬೆಂಗಳೂರಿನ ಒಂದು ರಸ್ತೆ ಅವರ ಹೆಸರನ್ನು ಹೊತ್ತಿದೆ.

ಮರುತ್ ನಿಷ್ಫಲವಾಯಿತೆಂದು ಹೇಳುವುದು ತಪ್ಪು. ಒಟ್ಟು ೧೪೭ ವಿಮಾನಗಳು ತಯಾರಾದುವು, ೧೯೭೧ರ ಡಿಸೆಂಬರಿನಲ್ಲಿ ರಾಜಸ್ಥಾನದ ಲೋಂಗೇವಾಲಾ ಕದನದ ಕಾಲದಲ್ಲಿ ಅವು ಚೆನ್ನಾಗಿ ಸೇವೆ ಸಲ್ಲಿಸಿದುವು, ೧೯೯೦ರವರೆಗೂ ವಾಯುಸೇನೆಯಲ್ಲಿದ್ದುವು. ಆದರೆ ಯಾವ ಉದ್ದೇಶಕ್ಕಾಗಿ ಅದರ ರೆಕ್ಕೆಗಳನ್ನು ಹಿಂಬಾಗಿಸಿ ಮೂತಿಯನ್ನು ಚೂಪುಮಾಡಿದ್ದರೋ ಆ ಉದ್ದೇಶವು ಈಡೇರಲಿಲ್ಲ. ಬೆಂಗಳೂರಿನಲ್ಲಿ ರಚಿತವಾದ ವಿಮಾನವೊಂದು ಶಬ್ದವನ್ನು ಮೀರಿದುದು ೨೦೦೩ರ ಆಗಸ್ಟ್ ೧ರಂದು, ತೇಜಸ್ ಎಂಬ ವಿಮಾನದ ಪರೀಕ್ಷೆಯಲ್ಲಿ. ಮರುತ್ ಮೊದಲು ಹಾರಿ ನಲವತ್ತೆರಡು ವರ್ಷಗಳ ಮೇಲೆ. ಆಗಲೂ ಅದರೊಳಗಿದ್ದ ಯಂತ್ರ ಅಮೆರಿಕದ್ದು. ತೇಜಸ್ಸಿಗಾಗಿ ಬೆಂಗಳೂರಿನಲ್ಲಿಯೇ ಒಂದು ಯಂತ್ರವನ್ನು ರಚಿಸಲು ೧೯೮೯ರಲ್ಲಿ ಮಂಜೂರಾತಿ ದೊರೆತಿತ್ತು. ಅದಕ್ಕೆ ಕಾವೇರಿಯೆಂದು ಹೆಸರಿಟ್ಟರು. ಬೇಕಾದಷ್ಟು ಬಲ ಬರದೆ, ೨೦೦೮ರಲ್ಲಿ ಅದನ್ನು ತೇಜಸ್ಸಿನ ಯೋಜನೆಯಿಂದ ಬೇರ್ಪಡಿಸಿದರು. ಶಬ್ದವನ್ನು ಮೀರುವ ವಿದ್ಯೆಯಲ್ಲಿ ರೆಕ್ಕೆಗಿಂತ ಒಲೆಯೇ ಕಠಿನವೆಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಒಂದು ಮಧ್ಯಾಹ್ನದ ಗುಡುಗು

೨೦೨೦ರ ಮೇ ೨೦ರಂದು ಮಧ್ಯಾಹ್ನ ಒಂದೂ ಕಾಲರ ಮೇಲೆ ಬೆಂಗಳೂರಿನಲ್ಲಿ ಮೋಡವಿಲ್ಲದ ಗುಡುಗೊಂದು ಕೇಳಿಸಿತು. ಕಿಟಕಿಬಾಗಿಲುಗಳು ಅದುರಿದುವು. ಸಾಂಕ್ರಾಮಿಕದ ದೆಸೆಯಿಂದ ನಗರವು ಸ್ತಬ್ಧವಾಗಿದ್ದ ಕಾಲ. ಸದ್ದು ಎಂದಿಗಿಂತಲೂ ಸ್ಪಷ್ಟವಾಗಿಯೇ ಕೇಳಿರಬೇಕು. ಭೂಕಂಪವೆಂದು ಕೆಲವರೂ ಸ್ಫೋಟವೆಂದು ಕೆಲವರೂ ಭಾವಿಸಿದರು. ಭೂಕಂಪಮಾಪಕಗಳಲ್ಲಿ ಏನೂ ದಾಖಲಾಗಿಲ್ಲವೆಂದು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತಿಳಿಸಿತು. ಸಂಜೆಯ ವೇಳೆಗೆ ರಕ್ಷಣಾ ಇಲಾಖೆಯ ಪ್ರಕಟನೆ ಬಂದಿತು: ವಾಯುಸೇನೆಯ ವಿಮಾನವೊಂದು ನಗರದ ಹೊರಗೆ, ಗೊತ್ತುಪಡಿಸಿದ ಆಕಾಶದಲ್ಲಿ ಪರೀಕ್ಷಾಹಾರಾಟ ನಡೆಸಿ, ೩೬,೦೦೦ದಿಂದ ೪೦,೦೦೦ ಅಡಿ ಎತ್ತರದಲ್ಲಿ ಶಬ್ದಾತೀತ ವೇಗದಿಂದ ಕೆಳಗಿನ ವೇಗಕ್ಕೆ ಇಳಿಯುವಾಗ ಈ ಸದ್ದು ಉಂಟಾಗಿರಬಹುದು, ಇಂಥ ಸದ್ದು ೬೫ರಿಂದ ೮೦ ಕಿಲೋಮೀಟರು ದೂರದವರಿಗೂ ಕೇಳಬಲ್ಲುದು. ಬೆಂಗಳೂರಿಗೂ ಮದ್ದೂರಿಗೂ ಇರುವ ನೇರವಾದ ದೂರವು ಹೆಚ್ಚುಕಡಮೆ ಅಷ್ಟೇ ಎಂಬುದನ್ನು ನೆನೆದರೆ ಈ ಮಾತಿನ ವಿಸ್ತಾರ ಮನಸ್ಸಿಗೆ ಬರುತ್ತದೆ.

ಈ ಸದ್ದಿನ ವಿಷಯದಲ್ಲಿ ಜನರಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ವಿಮಾನವು ಗೋಡೆಯನ್ನು ಒಡೆದು ದಾಟಿದ ಕ್ಷಣದಲ್ಲಿ ಮಾತ್ರ ಸಿಡಿಲಿನಂಥ ಸದ್ದಾಗುತ್ತದೆಂದು ಬಹುಮಂದಿ ಎಣಿಸುತ್ತಾರೆ. ಹಾಗಲ್ಲ. ಶಬ್ದವನ್ನು ಮೀರಿ ಹಾರುವಷ್ಟು ಹೊತ್ತೂ ವಿಮಾನವು ಆಘಾತದ ಶಂಕುವನ್ನು ಸೆರಗಿನಂತೆ ತನ್ನ ಹಿಂದೆ ಎಳೆದುಕೊಂಡೇ ಹೋಗುತ್ತದೆ. ಆ ಸೆರಗು ನೆಲವನ್ನು ಸವರಿದ ಊರಿಗೆಲ್ಲ, ಸವರಿದ ಕ್ಷಣದಲ್ಲಿ, ಒಂದೊಂದು ಸಾರಿ ಸದ್ದು ಕೇಳುತ್ತದೆ. ಮಳವಳ್ಳಿಯಿಂದ ಮದ್ದೂರಿಗೆ ಅಂಥ ವಿಮಾನವು ಹಾರಿಹೋಯಿತೆಂದು ಇಟ್ಟುಕೊಂಡರೆ, ಮಳವಳ್ಳಿಯವರಿಗೆ ಮೊದಲೂ ನಡುವಣ ಹಳ್ಳಿಯವರಿಗೆ ಆಮೇಲೂ ಮದ್ದೂರಿನವರಿಗೆ ಕಡೆಯಲ್ಲಿಯೂ ಒಂದೊಂದು ಗುಡುಗು ಕೇಳುವುದು. ಪ್ರತಿಯೊಂದು ಊರಿನವರೂ ಅದು ತಮ್ಮ ತಲೆಯ ಮೇಲೆಯೇ ಆಯಿತೆಂದು ಹೇಳುವರು. ಎಲ್ಲರ ಮಾತೂ ನಿಜವೇ. ವಿಮಾನದೊಳಗೆ ಕುಳಿತವನಿಗೆ ಮಾತ್ರ ಏನೂ ಕೇಳುವುದಿಲ್ಲ. ಮೂತಿಯಿಂದ ಒಂದು, ಬಾಲದಿಂದ ಒಂದು ಆಘಾತ ಹೊರಡುವುದರಿಂದ ಸದ್ದು ಹಲವು ಸಲ ಜೋಡಿಯಾಗಿ ಕೇಳುವುದುಂಟು.

ಸದ್ದು ಕೇಳಿದಾಗ ತಲೆಯೆತ್ತಿ ನೋಡಿದರೆ ವಿಮಾನ ಕಾಣದಿರುವುದೂ ಸಹಜ. ಸರಯೂ ತೀರದಲ್ಲಿ ದಶರಥನು ಕೊಡ ತುಂಬುವ ಸದ್ದನ್ನು ಕೇಳಿ ಬಿಟ್ಟ ಬಾಣವು ಗುರಿಯನ್ನು ತಾಗಿತು. ಸದ್ದು ಬಂದೆಡೆಯಲ್ಲಿಯೇ ಆ ಬಾಲಕನು ನಿಂತಿದ್ದನು. ಹನ್ನೊಂದು ಕಿಲೋಮೀಟರು ಎತ್ತರದಿಂದ ಸದ್ದು ಇಳಿದುಬರಲು ಅರ್ಧ ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ವಿಮಾನವು ಹತ್ತು ಕಿಲೋಮೀಟರಿಗೂ ಮುಂದೆ ಹೋಗಿರುತ್ತದೆ. ಶಬ್ದವೇಧಿಯ ವಿದ್ಯೆ ಇಲ್ಲಿ ನಡೆಯಲಾರದು.

ಸದ್ದುಗಳ ವಿವೇಚನೆ

ಕಾರಣ ತಿಳಿಯದ ಸದ್ದು ಭಯವನ್ನೂ ವದಂತಿಯನ್ನೂ ಹುಟ್ಟಿಸುತ್ತದೆ. ೨೦೧೮ರಲ್ಲಿ ಕೃಷ್ಣರಾಜಸಾಗರದ ಸುತ್ತಿನಲ್ಲಿ ಕೇಳಿಬಂದ ಭಾರಿ ಸದ್ದಿನಿಂದ ಮಂಡ್ಯ ಜಿಲ್ಲೆಯ ಜನ ಅಣೆಕಟ್ಟೆಯ ಬಗೆಗೆ ಕಳವಳಗೊಂಡರು. ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟದ ಕಲ್ಲುಗಣಿಗಳ ಸಿಡಿಮದ್ದಿನ ಮೇಲೆ ಸಂಶಯ ಬಿದ್ದಿತು. ಅಂಥ ಸಂದರ್ಭದಲ್ಲಿ ಶಬ್ದವೇಗದ ಅಲ್ಪಜ್ಞಾನವೂ ಸಾಮಾನ್ಯನಿಗೆ ಉಪಯುಕ್ತವಾಗುತ್ತದೆ. ಗಟ್ಟಿಯಾದ ಬಂಡೆಯಲ್ಲಿ ಕಂಪನವು ಸೆಕೆಂಡಿಗೆ ಸುಮಾರು ಐದು ಕಿಲೋಮೀಟರು ಓಡುತ್ತದೆ. ಗಾಳಿಯಲ್ಲಿ ಕಿಲೋಮೀಟರಿನ ಮೂರನೆಯ ಒಂದು ಪಾಲು ಮಾತ್ರ. ಹತ್ತು ಕಿಲೋಮೀಟರು ದೂರದಲ್ಲಿ ಕಲ್ಲು ಸಿಡಿದರೆ ನೆಲದ ಅದುರು ಕಾಲಿಗೆ ಎರಡು ಸೆಕೆಂಡಿನಲ್ಲಿಯೂ, ಸದ್ದು ಕಿವಿಗೆ ಅರ್ಧ ನಿಮಿಷದ ಹತ್ತಿರಕ್ಕೂ ಬರುವುವು. ಆಕಾಶದಿಂದ ಬಂದ ಆಘಾತವಾದರೆ ಸದ್ದೂ ಕಿಟಕಿಯ ಅದುರೂ ಒಟ್ಟಿಗೆ ಬರುವುವು. ನೆಲ ಮೊದಲು ಅಲುಗುವುದಿಲ್ಲ. ಮೊದಲು ಬಂದುದು ನಡುಕವೋ ಸದ್ದೋ, ನಡುವೆ ಎಷ್ಟು ಎಣಿಕೆ ಸಂದಿತು ಎಂಬಿಷ್ಟನ್ನು ಗಮನಿಸಿ ಹೇಳಬಲ್ಲ ಹತ್ತು ಜನ ಬೇರೆ ಬೇರೆ ಹಳ್ಳಿಗಳಲ್ಲಿದ್ದರೆ, ಸದ್ದು ಹುಟ್ಟಿದ ಎಡೆಯನ್ನು ಗುರುತಿಸಲು ಅವರ ಮಾತು ಯಂತ್ರಗಳಿಗೂ ಒತ್ತಾಸೆಯಾಗುವುದು.

ಮಿಂಚಿನ ವಿಷಯದಲ್ಲಿಯೂ ಹೀಗೆಯೇ. ಮಿಂಚಿದ ಮೇಲೆ ಗುಡುಗುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಬಿದ್ದ ದೂರವು ಕಿಲೋಮೀಟರಿನಲ್ಲಿ ಬರುವುದು. ಎಣಿಕೆ ಮೂವತ್ತಕ್ಕೆ ಒಳಗಾದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆಯೆಂದು ತಿಳಿದು, ಗದ್ದೆಯಲ್ಲಿರುವವರು ಮರದಡಿಯನ್ನು ಬಿಟ್ಟು ಮನೆಯನ್ನು ಸೇರಬೇಕು. ಬೇಸಗೆಯ ಕಡೆಯ ಮಳೆಗಳಲ್ಲಿ ಹೊಲದ ಮರದ ಕೆಳಗೆ ನಿಂತು ಪ್ರಾಣ ಬಿಡುವವರ ಸುದ್ದಿ ವರ್ಷವರ್ಷವೂ ಕೇಳಿಬರುತ್ತದೆ. ಈ ಒಂದು ಎಣಿಕೆಯನ್ನು ಬಲ್ಲವರು ಅವರಲ್ಲಿ ಕೆಲವರನ್ನಾದರೂ ಉಳಿಸಬಹುದು.

ಮದರಾಸಿನಲ್ಲಿ ಗೋಲ್ಡಿಂಗ್‌ಹ್ಯಾಮನು ತೋಪುಗಳಿಂದ ಮಾಡಿದ ಪ್ರಯೋಗವನ್ನು ಈ ಮೂರು ತಾಲ್ಲೂಕುಗಳ ಯಾವ ಶಾಲೆಯಾದರೂ ತಮಟೆಯಿಂದ ಮಾಡಬಹುದು. ಗದ್ದೆಯ ಬಯಲಿನಲ್ಲಿ ಒಂದು ಕಿಲೋಮೀಟರನ್ನು ಅಳೆದು, ಒಂದು ತುದಿಯಲ್ಲಿ ತಮಟೆ ಬಾರಿಸುವ ಹುಡುಗನನ್ನು, ಇನ್ನೊಂದು ತುದಿಯಲ್ಲಿ ಗಡಿಯಾರ ಹಿಡಿದ ಹುಡುಗಿಯನ್ನು ನಿಲ್ಲಿಸಬೇಕು. ಕೋಲು ಬಿದ್ದುದು ಕಾಣುವಂತೆ ಅದಕ್ಕೆ ಕೆಂಪು ಬಟ್ಟೆ ಕಟ್ಟಿದರಾಯಿತು. ಹತ್ತು ಸಾರಿ ಎಣಿಸಿ ಸರಾಸರಿ ತೆಗೆದರೆ ಮೂರು ಸೆಕೆಂಡಿಗೆ ತುಸು ಕಡಮೆ ಬರಬೇಕು. ಬೆಳಗ್ಗೆ ಒಮ್ಮೆ, ಸುಡುಬಿಸಿಲಿನಲ್ಲಿ ಒಮ್ಮೆ ಮಾಡಿ ಎರಡನ್ನೂ ಹೋಲಿಸಿದರೆ ವ್ಯತ್ಯಾಸ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟೇ. ಕೈಗಡಿಯಾರಕ್ಕೆ ಅದು ಸಿಕ್ಕುವುದು ಕಷ್ಟ. ಆ ಕಷ್ಟವನ್ನು ಕಂಡ ಮಕ್ಕಳಿಗೆ, ಅಷ್ಟು ಸಣ್ಣ ಅಂತರವನ್ನು ಹಿಡಿಯಲು ಗೋಲ್ಡಿಂಗ್‌ಹ್ಯಾಮನು ಒಂಬತ್ತು ಕಿಲೋಮೀಟರು ದೂರದ ಬೆಟ್ಟವನ್ನು ಏಕೆ ಆರಿಸಿಕೊಂಡನೆಂಬುದು ಯಾರೂ ಹೇಳದೆಯೇ ತಿಳಿಯುವುದು.